ಆರ್ದ್ರೆಯ ಅವಸಾನವು ಸಮೀಪಿಸಿದೆಯೆ?

(ವಾಚನಾಲಯದ ವ್ಯಾಖ್ಯಾನಮಾಲೆಯಲ್ಲಿ ಮಾಡಿದ ಭಾಷಣ)

ಈ ವಾಚನಾಲಯದ ಚಾಲಕರು ನಮ್ಮ ಕಡೆಗೆ ಬಂದು, ಶಾಸ್ತ್ರೀಯ ವಿಷಯವೊಂದನ್ನು ಕುರಿತು ಒಂದು ದಿನ ಮಾತನಾಡಬೇಕೆಂದು ಕೇಳಿದಾಗ ನಾವು ಮೊದಲು ಹಿಂಜರಿದೆವು. ನಮ್ಮ ವೃತ್ತಿಯು ವಕೀಲಿಯದು. ದುರ್ಬೀನಿಗಿಂತ ದಫ್ತರದ ಪರಿಚಯವೇ ನಮಗೆ ಹೆಚ್ಚು. ಆದರೂ ಕೆಲವು ವರ್ಷಗಳಿಂದ ಆಕಾಶದಲ್ಲಿ ನಡೆದಿರುವ ಒಂದು ಖಟ್ಲೆಯು ನಮ್ಮ ಮನಸ್ಸನ್ನು ಬಲವಾಗಿ ಹಿಡಿದಿರುವದು. ಅಲ್ಲಿ ಸಾಕ್ಷಿಗಳುಂಟು, ಒಬ್ಬರ ಮಾತನ್ನು ಮತ್ತೊಬ್ಬರು ಕತ್ತರಿಸುವ ತಜ್ಞರುಂಟು, ತೀರ್ಪಿಗೆ ಮುಂಚೆಯೇ ಮರಣವಾರ್ತೆಯನ್ನು ಸಿದ್ಧಪಡಿಸಿದ ವೃತ್ತಪತ್ರಗಳೂ ಉಂಟು. ಆ ನಕ್ಷತ್ರವು ನಮಗೆ ಅಪರಿಚಿತವಲ್ಲ. ನಮ್ಮ ಪಂಚಾಂಗದ ಆರನೆಯ ನಕ್ಷತ್ರವಾದ ಆರ್ದ್ರೆಯೇ ಅದು. ಪಾಶ್ಚಾತ್ಯರು ಅದನ್ನು ಬೀಟಲ್‌ಜ್ಯೂಸ್ ಎಂದು ಕರೆಯುವರು. ಅದು ಸಾಯಲಿಕ್ಕೆ ಬಂದಿದೆಯೇ ಇಲ್ಲವೇ ಎಂಬದೇ ವಾದದ ವಿಷಯವು.

ನಮ್ಮ ರೈತರಿಗೆ ಈ ಹೆಸರನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಜೂನ ತಿಂಗಳ 21-22ರ ಸುಮಾರಿಗೆ ಸೂರ್ಯನು ಆರ್ದ್ರೆಯನ್ನು ಪ್ರವೇಶಿಸಿದನೆಂದರೆ ಆರಿದ್ರ ಮಳೆಯ ಲೆಕ್ಕವು ಸುರುವಾಗುವದು. ಆರಿದ್ರವು ಹೊಯ್ಯದಿದ್ದರೆ ದರಿದ್ರವೆಂಬ ಪ್ರಾಸದ ಗಾದೆಯನ್ನು ಕೇಳದ ಒಕ್ಕಲಿಗನಾರು? ಆರ್ದ್ರವೆಂದರೆ ಒದ್ದೆಯಾದುದು, ಈ ನಕ್ಷತ್ರದ ಅಧಿದೇವತೆಯು ರುದ್ರನು. ಆದರೆ ಒಂದು ಸೋಜಿಗವನ್ನು ನೋಡಿರಿ. ಆರಿದ್ರ ಮಳೆಯ ದಿನಗಳಲ್ಲಿ ಆರ್ದ್ರಾ ನಕ್ಷತ್ರವು ಕಣ್ಣಿಗೆ ಬೀಳುವದೇ ಇಲ್ಲ. ಸೂರ್ಯನು ಅದೇ ದಿಕ್ಕಿನಲ್ಲಿರುವದರಿಂದ ಅದು ಅವನೊಡನೆ ಮೂಡಿ ಅವನೊಡನೆಯೇ ಮುಳುಗುವದು. ಮಳೆಗಾಲದಲ್ಲಿ ಅದರ ಹೆಸರನ್ನು ದಿನಕ್ಕೆ ಹತ್ತು ಸಲ ಹೇಳುವ ನಾವು, ಅದು ಕಾಣುವ ಚಳಿಗಾಲದಲ್ಲಿ ಕಂಬಳಿ ಹೊದ್ದು ಮಲಗಿಬಿಡುವೆವು!

ನೋಡಬಯಸುವವರು ಡಿಸೆಂಬರ ತಿಂಗಳ ನಡುವೆ, ರಾತ್ರಿ ಎಂಟು ಗಂಟೆಯ ಸುಮಾರಿಗೆ, ಮೂಡಲಿಗೆ ಮುಖಮಾಡಿ ನಿಲ್ಲಬೇಕು. ಹೆಚ್ಚುಕಡಿಮೆ ನೆಟ್ಟಗೆ ಒಂದರ ಮೇಲೊಂದರಂತೆ ನಿಂತ ಮೂರು ಚುಕ್ಕೆಗಳ ಸಾಲು ಕಾಣುವದು. ಅದರ ಎಡಗಡೆಗೆ ಕೆಂಡದ ಬಣ್ಣದಲ್ಲಿ ಹೊಳೆಯುವದೇ ಆರ್ದ್ರೆ. ಬಲಗಡೆಗೆ ಬಿಳಿನೀಲಿಯಾಗಿ ಹೊಳೆಯುವದು ರೀಗಲ್. ಇವೆಲ್ಲ ಸೇರಿದ ಪುಂಜವನ್ನು ಗ್ರೀಕರು ಒರಾಯನ್ ಎಂಬ ಬೇಟೆಗಾರನೆಂದು ಕಲ್ಪಿಸಿದರು. ಆರ್ದ್ರೆಯು ಅವನ ಒಂದು ಭುಜವು. ಬೀಟಲ್‌ಜ್ಯೂಸ್ ಎಂಬ ಹೆಸರಾದರೋ ಅರಬ್ಬೀ ಮಾತು. ಹಳೆಯ ಪ್ರತಿಗಳನ್ನು ಬರೆದುಕೊಂಡ ಯುರೋಪಿಯನ್ನರು ಒಂದು ಅಕ್ಷರವನ್ನು ತಪ್ಪಾಗಿ ಓದಿದ್ದರಿಂದ ಈ ರೂಪಕ್ಕೆ ಬಂದುದು. ದಸ್ತೈವಜಿನಲ್ಲಿ ಒಂದು ಚುಕ್ಕೆ ಆಚೀಚೆಯಾದರೆ ಹೊಲವೇ ಕೈಬಿಟ್ಟುಹೋಗುವದನ್ನು ಕಂಡ ನಮಗೆ ಇದರಲ್ಲಿ ಆಶ್ಚರ್ಯವೆನಿಸುವದಿಲ್ಲ.

ಇನ್ನು ಖಟ್ಲೆಯ ಮೂಲಕ್ಕೆ ಬರುವಾ. 2019ರ ಡಿಸೆಂಬರದಲ್ಲಿ ಅಮೇರಿಕದ ವಿಲನೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಗೈನನ್‌ರೂ ಅವರ ಸಹಕಾರಿಗಳೂ, ಬಹುಕಾಲದಿಂದ ತಾವು ಅಳೆಯುತ್ತ ಬಂದ ಆರ್ದ್ರೆಯು ಹಲವು ದಶಕಗಳಲ್ಲಿ ಕಾಣದಷ್ಟು ಮಂಕಾಗಿದೆಯೆಂದು ಪ್ರಕಟಿಸಿದರು. ಅಷ್ಟಕ್ಕೇ ನಿಲ್ಲದೆ ಅದು ದಿನದಿನಕ್ಕೆ ಕುಂದುತ್ತಲೇ ಹೋಯಿತು. 2020ರ ಫೆಬ್ರುವರಿಯ ಎರಡನೆಯ ವಾರದಲ್ಲಿ ಅದರ ಬೆಳಕು ಎಂದಿನ ಬೆಳಕಿನ ಮೂರರಲ್ಲೊಂದು ಪಾಲಿನ ಸುಮಾರಿಗೆ ಇಳಿಯಿತು. ಆಗ ಜಗತ್ತಿನಲ್ಲೆಲ್ಲ ಒಂದೇ ಕೂಗು: ಮುದಿ ನಕ್ಷತ್ರವು ಸಿಡಿಯಲಿದೆ, ಇಂದೋ ನಾಳೆಯೋ ಹಗಲಿನಲ್ಲಿಯೂ ಎರಡನೆಯ ಚಂದ್ರನನ್ನು ಕಾಣುವೆವು ಎಂದು. ಆ ಸುದ್ದಿಯನ್ನೋದಿ ನಾವೂ ಮಾಳಿಗೆಯನ್ನೇರಿದೆವು. ಲಜ್ಜೆಯಿಂದ ಒಪ್ಪಿಕೊಳ್ಳಬೇಕಾದ ಸಂಗತಿಯೇನೆಂದರೆ, ಎರಡು ರಾತ್ರಿ ನಾವು ರೋಹಿಣಿಯನ್ನೇ ಆರ್ದ್ರೆಯೆಂದು ತಿಳಿದು, ಮಂಕಾಗಿರುವದೇನೂ ಇಲ್ಲವಲ್ಲ ಎಂದು ವೃತ್ತಪತ್ರವನ್ನು ಹಳಿಯುತ್ತ ಕೆಳಗಿಳಿದೆವು. ಮೂರನೆಯ ರಾತ್ರಿ ತಪ್ಪು ತಿಳಿಯಿತು. ಆರ್ದ್ರೆಯು ನಿಜವಾಗಿಯೇ ಮಂಕಾಗಿದ್ದಿತು. ಬೇಟೆಗಾರನ ಇನ್ನೊಂದು ಭುಜವಾದ ಬೆಲಾಟ್ರಿಕ್ಸ್ ಎಂಬ ನಕ್ಷತ್ರಕ್ಕೂ ಅದಕ್ಕೂ ಭೇದವೇ ಉಳಿದಿರಲಿಲ್ಲ.

ಪ್ರತಿವಾದಿಯ ಸ್ಥಿತಿಗತಿಗಳನ್ನು ತಿಳಿಯದೆ ಖಟ್ಲೆಯನ್ನು ನಡಿಸಲಾಗದು. ಆರ್ದ್ರೆಯು ಜ್ಯೋತಿಶ್ಶಾಸ್ತ್ರಜ್ಞರು ಕೆಂಪು ಮಹಾದೈತ್ಯವೆಂದು ಹೇಳುವ ವರ್ಗಕ್ಕೆ ಸೇರಿದುದು. ಅದರ ಮೈಯ ಉಷ್ಣತೆಯು ನಿರಪೇಕ್ಷ ಮಾನದಲ್ಲಿ ಸುಮಾರು 3600 ಅಂಶ. ಸೂರ್ಯನದು 5800ರ ಸಮೀಪ. ಕಬ್ಬಿಣವು ಕಾದಾಗ ಮೊದಲು ಕೆಂಪಾಗಿ ಆಮೇಲೆ ಬೆಳ್ಳಗಾಗುವದನ್ನು ಕಮ್ಮಾರನ ಕುಲುಮೆಯಲ್ಲಿ ಕಂಡವರಿಗೆ, ಕೆಂಪು ನಕ್ಷತ್ರವು ತಣ್ಣನೆಯದೆಂಬದನ್ನು ವಿವರಿಸಬೇಕಾಗಿಲ್ಲ. ಮೈಯು ತಂಪಾಗಿದ್ದರೂ ಗಾತ್ರವು ಮಾತ್ರ ಊಹೆಗೆ ಮೀರಿದುದು. 2020ರಲ್ಲಿ ಪ್ರಕಟವಾದ ಮೆರಿಡಿತ್ ಜಾಯ್ಸ್ ಮೊದಲಾದವರ ಗಣಿತದಂತೆ ಅದರ ತ್ರಿಜ್ಯವು ಸೂರ್ಯನ ತ್ರಿಜ್ಯದ ಸುಮಾರು 760 ಪಟ್ಟು. ಸೂರ್ಯನ ಸ್ಥಳದಲ್ಲಿ ಅದನ್ನು ತಂದಿಟ್ಟರೆ ಬುಧ, ಶುಕ್ರ, ನಮ್ಮ ಭೂಮಿ, ಮಂಗಳ ಈ ನಾಲ್ಕೂ ಅದರ ಹೊಟ್ಟೆಯೊಳಗೆ ಸೇರುವವು. ಗುರುವು ಮಾತ್ರ ಹೊರಗುಳಿದಾನು. ಇಷ್ಟು ದೊಡ್ಡ ಒಡಲಿನಲ್ಲಿರುವ ದ್ರವ್ಯವಾದರೋ ಹದಿನೇಳು ಸೂರ್ಯರಷ್ಟು, ಅಥವಾ ಅದರ ಆಚೀಚೆ. ಹೀಗಾಗಿ ಅದರ ಸರಾಸರಿ ಸಾಂದ್ರತೆಯು ನಾವು ಉಸಿರಾಡುವ ಗಾಳಿಗಿಂತ ಹತ್ತು ಸಾವಿರ ಪಟ್ಟಿಗೂ ಮೀರಿ ತೆಳುವಾದುದು.

ಇದನ್ನೆಲ್ಲ ಅಳೆದವರಾರು, ಹೇಗೆ, ಎಂದು ನೀವು ಪಾಟೀಸವಾಲು ಹಾಕುವದು ನ್ಯಾಯವೇ. 1920ರ ಡಿಸೆಂಬರ 13ರ ರಾತ್ರಿ ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್ ವೇಧಶಾಲೆಯಲ್ಲಿ, ಮೈಕೆಲ್ಸನ್ನರು ಯೋಜಿಸಿದ ರೀತಿಯಿಂದ, 100 ಅಂಗುಲದ ದುರ್ಬೀನಿಗೆ 20 ಅಡಿಯ ತೊಲೆಯೊಂದನ್ನು ಜೋಡಿಸಿ, ಅದರ ಮೇಲಿನ ಕನ್ನಡಿಗಳಿಂದ ಬಂದ ಬೆಳಕಿನ ಅಲೆಗಳನ್ನು ಕೂಡಿಸಿ, ಪೀಸ್ ಮೊದಲಾದವರು ಆರ್ದ್ರೆಯ ಬಿಂಬವನ್ನು ಅಳೆದರು. ಸೂರ್ಯನನ್ನು ಬಿಟ್ಟರೆ ಮನುಷ್ಯನು ವ್ಯಾಸವನ್ನು ಅಳೆದ ಮೊದಲನೆಯ ನಕ್ಷತ್ರವು ಇದೇ. ಬಂದ ಕೋನವು ಒಂದು ವಿಕಲೆಯ ಸಾವಿರದಲ್ಲಿ 47 ಪಾಲು. ಸುಮಾರು ನೂರು ಕಿಲೊಮೀಟರಿನಾಚೆ ಹಿಡಿದ ಒಂದು ರೂಪಾಯಿಯ ನಾಣ್ಯದಷ್ಟು!

ದೂರದ ವಿಷಯದಲ್ಲಿ ಮಾತ್ರ ಸಾಕ್ಷಿಗಳು ಒಮ್ಮತಕ್ಕೆ ಬಂದಿಲ್ಲ. ಭೂಮಿಯು ಸೂರ್ಯನನ್ನು ಸುತ್ತುವಾಗ ನಕ್ಷತ್ರವು ಕದಲಿದಂತೆ ಕಾಣುವದನ್ನು ಅಳೆದು ದೂರವನ್ನು ಕಟ್ಟುವದು ವಾಡಿಕೆ. ಆರ್ದ್ರೆಯ ಬಿಂಬವೇ ಆ ಕದಲಿಕೆಗಿಂತ ಎಷ್ಟೋ ದೊಡ್ಡದು. ಮೇಲಾಗಿ ಅದರ ಮೈಮೇಲೆ ಬೆಳಕು ಒಂದೇ ಸಮನಾಗಿಲ್ಲ. ಆದುದರಿಂದ ಒಬ್ಬರು 550 ಜ್ಯೋತಿರ್ವರ್ಷವೆಂದರೆ ಮತ್ತೊಬ್ಬರು 640 ಎನ್ನುವರು, ಮತ್ತೂ ಒಬ್ಬರು 720ಕ್ಕೆ ಏರಿಸುವರು. ಕಡಿಮೆಯ ಅಂಕವನ್ನು ಹಿಡಿದರೆ, ಈಗ ನಮ್ಮ ಕಣ್ಣನ್ನು ಸೇರುವ ಬೆಳಕು ವಿಜಯನಗರವು ರಾಜ್ಯವಾಳುತ್ತಿದ್ದಾಗ ಅಲ್ಲಿಂದ ಹೊರಟುದು. ದೂರವು ಸಂಶಯದಲ್ಲಿದ್ದರೆ ಗಾತ್ರವೂ ಸಂಶಯದಲ್ಲಿರುವದೆಂಬದನ್ನು ನೆನಪಿಡಿರಿ. ಮುಂದೆ ಇದರಿಂದಲೇ ದೊಡ್ಡ ವಾದವು ಹುಟ್ಟುವದು.

ಇನ್ನು ಅದರ ವಯಸ್ಸು. ಸೂರ್ಯನಿಗೆ 460 ಕೋಟಿ ವರ್ಷ. ಆರ್ದ್ರೆಗೆ ಒಂದು ಕೋಟಿಯ ಆಸುಪಾಸು. ಹಾಗಾದರೆ ಈ ಎಳೆಯ ಪ್ರಾಯದ ನಕ್ಷತ್ರವನ್ನು ಮುದಿಯೆನ್ನುವದೇಕೆ? ಆದಾಯ ವೆಚ್ಚದ ಲೆಕ್ಕವನ್ನು ನೋಡಿರಿ. ಅದರ ಬಂಡವಾಳವು ಸೂರ್ಯನ ಹದಿನೇಳು ಪಟ್ಟು. ವೆಚ್ಚವು ಸುಮಾರು ಒಂದು ಲಕ್ಷ ಪಟ್ಟು. ಇಂಥ ಮನೆತನವು ಎಷ್ಟು ದಿನ ಬಾಳೀತು? ಮೊದಲು ನಡುವಿನ ಜಲಜನಕವು ಉರಿದು ಹೀಲಿಯಂ ಆಗುವದು. ಅದು ತೀರಿದ ಮೇಲೆ ಹೀಲಿಯಂ ಉರಿದು ಇಂಗಾಲವಾಗುವದು. ಹೀಲಿಯಂ ಉರಿಯುವ ಕಾಲವು ಲಕ್ಷಗಟ್ಟಲೆ ವರ್ಷಗಳದು. ಅದರಾಚೆಗೆ ಇಳಿಜಾರು: ಇಂಗಾಲದ ಉರಿಯು ಸಾವಿರ ವರ್ಷಗಳ ಮಾತು, ಕೊನೆಗೆ ಸಿಲಿಕಾನಿನ ಉರಿಯು ಕೆಲವೇ ದಿನಗಳದು. ಒಳಗೆ ಕಬ್ಬಿಣದ ತಿರುಳು ಕೂಡಿತೆಂದರೆ ಉರಿಯಲು ಏನೂ ಉಳಿಯದೆ, ನಡುವು ಕ್ಷಣಾರ್ಧದಲ್ಲಿ ಕುಸಿದು, ಸೂಪರ್‌ನೋವಾ ಎಂಬ ಮಹಾಸ್ಫೋಟವಾಗುವದು. ಆರ್ದ್ರೆಯು ಹೀಗೆಯೇ ಸಾಯುವದೆಂಬದರಲ್ಲಿ ಶಾಸ್ತ್ರಜ್ಞರಲ್ಲಿ ಭಿನ್ನಾಭಿಪ್ರಾಯವಿಲ್ಲ. ವಾದವಿರುವದು ಮುದ್ದತಿನ ವಿಷಯದಲ್ಲಿ ಮಾತ್ರ.

ಹಾಗಾದರೆ ಅದರ ಬೆಳಕು ಏರಿಳಿಯುವದೇತಕ್ಕೆ? ಈ ಏರಿಳಿತವನ್ನು 1836ರಲ್ಲಿ ಮೊದಲು ಗುರುತಿಸಿದವರು ಆಂಗ್ಲ ಜ್ಯೋತಿಷಿ ಜಾನ್ ಹರ್ಶೆಲ್ಲರು. ಅದಕ್ಕೆ ಒಂದಲ್ಲ, ಮೂರು ಕಾರಣಗಳು ಕೂಡಿರುವವು. ಮೊದಲನೆಯದು, ನಕ್ಷತ್ರವು ತಿದಿಯಂತೆ ಉಬ್ಬಿ ಕುಗ್ಗುವದು. ಅದರ ಹೊರಪದರಿನ ಜಲಜನಕವು ಒಳಗಿನ ಕಾವನ್ನು ತಡೆದು ಹಿಡಿಯುವದು. ಕಾವು ಕೂಡಿ ಪದರು ಉಬ್ಬುವದು. ಉಬ್ಬಿ ತೆಳುವಾದೊಡನೆ ಕಾವು ಹೊರಬಿದ್ದು ಪದರು ಮತ್ತೆ ಕುಸಿಯುವದು. ಈ ಉಸಿರಾಟಕ್ಕೆ ಸುಮಾರು 400 ದಿನಗಳು. ಎರಡನೆಯದು ಕುದಿತ. ಒಲೆಯ ಮೇಲಿನ ಅಂಬಲಿಯು ಗುಳ್ಳೆಗುಳ್ಳೆಯಾಗಿ ಮೇಲೇಳುವಂತೆ ಅಲ್ಲಿಯ ಅನಿಲವು ಮೇಲೇಳುವದು. ಸೂರ್ಯನ ಮೇಲೆ ಇಂಥ ಗುಳ್ಳೆಗಳು ಲಕ್ಷಗಟ್ಟಲೆ. ಇಂಥ ಮಹಾದೈತ್ಯಗಳ ಮೇಲೆ ಎಣಿಸಬಹುದಾದಷ್ಟೇ ಇದ್ದು ಒಂದೊಂದೂ ದೊಡ್ಡ ಸೀಮೆಯನ್ನೇ ಆಕ್ರಮಿಸುವದೆಂದು 1975ರಲ್ಲಿ ಮಾರ್ಟಿನ್ ಶ್ವಾರ್ಟ್ಸ್‌ಶೀಲ್ಡರು ತರ್ಕಿಸಿದ್ದರು. ಒಂದು ಗುಳ್ಳೆಯು ತಣ್ಣಗಾದರೂ ನಕ್ಷತ್ರದ ಒಂದು ಮಗ್ಗುಲೇ ಕಪ್ಪಿಡುವದು. ಮೂರನೆಯದು 2100 ದಿನಗಳ, ಅಂದರೆ ಆರು ವರ್ಷಕ್ಕೆ ತುಸು ಕಡಿಮೆಯ, ನಿಧಾನವಾದ ಏರಿಳಿತವು. ಇದರ ಕಾರಣವು ಬಹುಕಾಲ ಗೂಢವಾಗಿದ್ದಿತು. ಇದನ್ನು ಸದ್ಯಕ್ಕೆ ಬದಿಗಿಡುವಾ.

2020ರ ಮಹಾಮಂಕಿಗೆ ಮೊದಲು ಸಾಕ್ಷಿ ನುಡಿದವರು ಎಮಿಲಿ ಲೆವೆಸ್ಕ್ ಮತ್ತು ಫಿಲಿಪ್ ಮ್ಯಾಸಿ ಎಂಬ ಇಬ್ಬರು. ಅವರು ಫೆಬ್ರುವರಿಯ ನಡುವೆ ಆರ್ದ್ರೆಯ ಬೆಳಕನ್ನು ಬಣ್ಣಬಣ್ಣವಾಗಿ ಒಡೆದು ನೋಡಿದಾಗ ಉಷ್ಣತೆಯು 3600 ಅಂಶ. 2004ರಲ್ಲಿ ಇದ್ದುದಕ್ಕಿಂತ 50 ಅಂಶ ಮಾತ್ರ ಕಡಿಮೆ. ಬೆಂಕಿಯು ಆರಿಲ್ಲವೆಂದ ಮೇಲೆ ಬೆಳಕು ಕುಂದಿದ್ದು ಧೂಳಿನಿಂದಲೇ ಇರಬೇಕೆಂದು ಅವರು ವಾದಿಸಿದರು. ಇದಕ್ಕೆ ಪ್ರತಿಯಾಗಿ, ಧೂಳಿಗೆ ಅಡ್ಡಿಯಾಗದ ಸೂಕ್ಷ್ಮ ರೇಡಿಯೋ ಅಲೆಗಳಲ್ಲಿ ನೋಡಿದ ಮತ್ತೊಂದು ತಂಡವು, ಅಲ್ಲಿಯೂ ನಕ್ಷತ್ರವು ಐದರಲ್ಲೊಂದು ಪಾಲು ಕುಂದಿದೆ, ಆದುದರಿಂದ ಇದು ಧೂಳಲ್ಲ, ಮೈಮೇಲಿನ ಕಪ್ಪು ಕಲೆಗಳ ಕೆಲಸವು ಎಂದಿತು. ಇಬ್ಬರೂ ಪ್ರಾಮಾಣಿಕರು, ಇಬ್ಬರ ಮಾತೂ ಒಂದಕ್ಕೊಂದು ವಿರೋಧ. ನ್ಯಾಯಾಧೀಶನು ಏನು ಮಾಡಬೇಕು?

ಆಗ ಪ್ರತ್ಯಕ್ಷ ಸಾಕ್ಷಿಯು ದೊರೆಯಿತು. ದಕ್ಷಿಣ ಅಮೇರಿಕದ ಚಿಲಿ ದೇಶದಲ್ಲಿ ಯುರೋಪಿಯನ್ನರ ಮಹಾ ದುರ್ಬೀನುಗಳಿರುವವು. ಮಿಗೆಲ್ ಮೊಂತಾರ್ಜೆಸ್ ಎಂಬವರು ಅವುಗಳಿಂದ 2019ರ ಜನವರಿಯಲ್ಲಿಯೇ, ಅಂದರೆ ಮಂಕು ಕವಿಯುವ ಮೊದಲೇ, ಆರ್ದ್ರೆಯ ಬಿಂಬದ ಚಿತ್ರವನ್ನು ತೆಗೆದಿಟ್ಟಿದ್ದರು. ಡಿಸೆಂಬರದಲ್ಲಿ ಮತ್ತೆ ತೆಗೆದು ಹೋಲಿಸಿದರೆ, ಬಿಂಬವು ಮಾಯವಾಗಿರಲಿಲ್ಲ, ಕುಗ್ಗಿರಲಿಲ್ಲ. ಅದರ ದಕ್ಷಿಣದ ಭಾಗ ಮಾತ್ರ ಕರಿದಾಗಿದ್ದಿತು. ಆಕಾಶದಲ್ಲಿ ತಿರುಗುವ ಹಬಲ್ ದುರ್ಬೀನಿನ ಮೂಲಕ ನೋಡುತ್ತಿದ್ದ ಆಂಡ್ರಿಯಾ ಡುಪ್ರಿ ಎಂಬ ವಿದುಷಿಯೂ, 2019ರ ಶರತ್ಕಾಲದಲ್ಲಿ ದಕ್ಷಿಣದ ಭಾಗದಿಂದ ಕಾದ ದ್ರವ್ಯವು ಹೊರಕ್ಕೆ ನುಗ್ಗಿದ್ದನ್ನು ಕಂಡಿದ್ದರು. ಎಲ್ಲವೂ ಕೂಡಿ ನಡೆದುದು ಇಷ್ಟು: ನಕ್ಷತ್ರವು ತನ್ನ ಮೈಯ ಒಂದು ತುಣುಕನ್ನು ಉಗುಳಿತು, ಉಗುಳಿದ ಅನಿಲದ ಕೆಳಗಿನ ಮೈಯು ತಣ್ಣಗಾಯಿತು, ಆ ತಂಪಿನಲ್ಲಿ ಅನಿಲವು ಹೆಪ್ಪುಗಟ್ಟಿ ಧೂಳಾಯಿತು, ಆ ಧೂಳು ನಮಗೂ ನಕ್ಷತ್ರಕ್ಕೂ ನಡುವೆ ತೆರೆಯಂತೆ ನಿಂತಿತು. 2021ರಲ್ಲಿ ಪ್ರಕಟವಾದ ಮೊಂತಾರ್ಜೆಸ್‌ರ ನಿರ್ಣಯದಲ್ಲಿ ಕಲೆಯವರಿಗೂ ಧೂಳಿನವರಿಗೂ ಪಾಲು ದೊರೆಯಿತು.

ಈ ಖಟ್ಲೆಯಲ್ಲಿ ನಮಗೆ ಎಲ್ಲರಿಗಿಂತ ಹಿಡಿಸಿದ ಸಾಕ್ಷಿಯು ಬೇರೆ. ಜಪಾನಿನವರು ಮೋಡ ಮಳೆಗಳನ್ನು ನೋಡಲು ಹಿಮವಾರಿ-8 ಎಂಬ ಕೃತಕೋಪಗ್ರಹವನ್ನು ಮೇಲೆ ನಿಲ್ಲಿಸಿದ್ದರು. ಅದು ಹತ್ತು ನಿಮಿಷಕ್ಕೊಮ್ಮೆ ಭೂಮಿಯ ಚಿತ್ರವನ್ನು ತೆಗೆಯುವಾಗ ಅಂಚಿನಲ್ಲಿ ನಕ್ಷತ್ರಗಳೂ ಬೀಳುತ್ತಿದ್ದವು. ದಾಯಿಸುಕೆ ತಾನಿಗುಚಿ ಮೊದಲಾದ ತರುಣರು ಆ ಹಳೆಯ ಚಿತ್ರಗಳ ರಾಶಿಯಲ್ಲಿ ಆರ್ದ್ರೆಯನ್ನು ಹುಡುಕಿ ತೆಗೆದು, ನಾಲ್ಕೂವರೆ ವರ್ಷದ ದಿನಚರಿಯನ್ನು ಕಟ್ಟಿ, ಮೈಯು ಸುಮಾರು 140 ಅಂಶ ತಣಿದುದೂ ಧೂಳು ಕವಿದುದೂ ಎರಡೂ ನಿಜವೆಂದು 2022ರಲ್ಲಿ ತೋರಿಸಿಕೊಟ್ಟರು. ಮಳೆಯನ್ನು ನೋಡುವ ಯಂತ್ರವೇ ಆರ್ದ್ರೆಯ ಪರವಾಗಿ ಸಾಕ್ಷಿ ನುಡಿಯಿತೆಂದರೆ ನಮ್ಮ ರೈತರು ನಕ್ಕು ತಲೆದೂಗಿಯಾರು.

ಹೀಗೆ ಮೊದಲನೆಯ ಆಪಾದನೆಯು ಬಿದ್ದುಹೋಯಿತು. 2020ರ ಏಪ್ರಿಲದ ಹೊತ್ತಿಗೆ ಆರ್ದ್ರೆಯು ಎಂದಿನ ಕಾಂತಿಗೆ ಮರಳಿತು. 2023ರಲ್ಲಿ ಎಂದಿಗಿಂತಲೂ ಹೆಚ್ಚಾಗಿ ಬೆಳಗಿತು. ಮಂಕಾದುದೇ ಮರಣದ ಕುರುಹೆಂದವರು ಒಂದು ಮೂಲ ಸಂಗತಿಯನ್ನು ಮರೆತಿದ್ದರು. ಸಾವು ನಿರ್ಧಾರವಾಗುವದು ನಕ್ಷತ್ರದ ನಟ್ಟನಡುವಿನ ಒಲೆಯಲ್ಲಿ. ನಾವು ಕಾಣುವದು ಅದರಿಂದ ಕೋಟಿಗಟ್ಟಲೆ ಮೈಲು ದೂರದ ಹೊರಮೈಯನ್ನು. ಒಳಗೆ ಇಂಗಾಲವು ಉರಿಯುತ್ತಿದೆಯೋ ಹೀಲಿಯಂ ಉರಿಯುತ್ತಿದೆಯೋ ಹೊರಮೈಗೆ ಗೊತ್ತಾಗುವದೇ ಇಲ್ಲ. ಹೆಬ್ಬಾಗಿಲ ಬಣ್ಣವನ್ನು ನೋಡಿ ಮನೆಯೊಳಗಿನ ಸಾಲವನ್ನು ಎಣಿಸಲಾದೀತೆ?

ಎರಡನೆಯ ಆಪಾದನೆಯು ಇದಕ್ಕಿಂತ ಘನವಾದುದು, ಮತ್ತು ಅದನ್ನು ತಂದವರು ಬಲ್ಲವರು. 2023ರಲ್ಲಿ ಜಪಾನಿನ ಹಿದೆಯುಕಿ ಸಾಯಿಯೊ ಮೊದಲಾದವರು, ನಾವು ಬದಿಗಿಟ್ಟ ಆ ನಿಧಾನದ ಏರಿಳಿತವನ್ನು ಕೈಗೆತ್ತಿಕೊಂಡರು. ತಂಬೂರಿಯ ತಂತಿಯು ಉದ್ದವಾದಷ್ಟೂ ಸ್ವರವು ಕೆಳಗಿಳಿಯುವಂತೆ, ನಕ್ಷತ್ರವು ದೊಡ್ಡದಾದಷ್ಟೂ ಅದರ ಉಸಿರಾಟವು ನಿಧಾನವಾಗುವದು. 400 ದಿನಗಳದೇ ಅದರ ಮೂಲಸ್ವರವಾದರೆ ತ್ರಿಜ್ಯವು 760 ಸೂರ್ಯರಷ್ಟು. ಆ ದೀರ್ಘವಾದ ಆರು ವರ್ಷಗಳದೇ ಮೂಲಸ್ವರವಾದರೆ ತ್ರಿಜ್ಯವು 1300ರ ಸಮೀಪಕ್ಕೆ ಏರಬೇಕು. ಅಷ್ಟು ಉಬ್ಬಿದ ನಕ್ಷತ್ರದೊಳಗೆ ಇಂಗಾಲವೂ ತೀರುತ್ತ ಬಂದಿರಬೇಕು; ಅಂದಮೇಲೆ ಸ್ಫೋಟವು ಲಕ್ಷ ವರ್ಷಗಳ ಮಾತಲ್ಲ, ಕೆಲವು ದಶಕಗಳ ಮಾತಾದೀತು ಎಂಬದು ಅವರ ವಾದವು. ಕೇಳಿದ ಕೂಡಲೆ ಮೈ ಜುಮ್ಮೆನ್ನುವದು. ಆದರೆ ಜಾಯ್ಸ್ ಮತ್ತು ಅವರ ಜೊತೆಗಾರರು ಕೂಡಲೆ ಉತ್ತರ ಕೊಟ್ಟರು: ಅಷ್ಟು ದೊಡ್ಡದಾಗಿದ್ದರೆ ಬಿಂಬವೂ ದೊಡ್ಡದಾಗಿ ಕಾಣಬೇಕಿತ್ತಲ್ಲ, ಅಳತೆಗಳು ಹಾಗೆ ಹೇಳುವದಿಲ್ಲ ಎಂದು. ನಮ್ಮ ಅಲ್ಪ ಬುದ್ಧಿಗೆ ಈ ಆಕ್ಷೇಪವು ಬಲವಾದುದಾಗಿ ತೋರುವದು.

ಹಾಗಾದರೆ 2100 ದಿನಗಳ ಏರಿಳಿತಕ್ಕೆ ಕಾರಣವೇನು? 2024ರಲ್ಲಿ ಎರಡು ತಂಡಗಳು, ಪರಸ್ಪರ ಸ್ವತಂತ್ರವಾಗಿ, ಒಂದೇ ಉತ್ತರಕ್ಕೆ ಬಂದವು: ಆರ್ದ್ರೆಯು ಒಂಟಿಯಲ್ಲ, ಅದರ ಸುತ್ತ ಒಂದು ಚಿಕ್ಕ ಸಂಗಾತಿ ನಕ್ಷತ್ರವು ಆ ಅವಧಿಯಲ್ಲಿ ಸುತ್ತುತ್ತಿರುವದು ಎಂದು. 2025ರ ಜುಲೈಯಲ್ಲಿ ಸ್ಟೀವ್ ಹೋವೆಲ್ ಎಂಬವರ ತಂಡವು, ಹವಾಯಿ ದ್ವೀಪದ ಜೆಮಿನಿ ದುರ್ಬೀನಿನಿಂದ 2024ರ ಡಿಸೆಂಬರದಲ್ಲಿ ತೆಗೆದ ಚಿತ್ರದಲ್ಲಿ ಆ ಸಂಗಾತಿಯು ಕಂಡಿತೆಂದು ಪ್ರಕಟಿಸಿತು. ಆರ್ದ್ರೆಗಿಂತ ಇನ್ನೂರೈವತ್ತು ಪಟ್ಟಿನಷ್ಟು ಮಂಕಾದ ಚುಕ್ಕೆ. ಇರಬೇಕೆಂದು ಗಣಿತವು ಹೇಳಿದ್ದ ಕಡೆಗೇ ಇದ್ದಿತು. ಗಣಿತದ ಕಟ್ಟುನಿಟ್ಟಿನಿಂದ ನೋಡಿದರೆ ಈ ಪುರಾವೆಯು ಇನ್ನೂ ದುರ್ಬಲವೆಂದು ಕಂಡವರೇ ಒಪ್ಪಿಕೊಂಡಿರುವರು, ಅದು ಅವರ ದೊಡ್ಡತನ. ಆದರೆ ಸಂಗಾತಿಯಿರುವದು ಸ್ಥಿರಪಟ್ಟಿತೆಂದರೆ ದೀರ್ಘ ಅವಧಿಯನ್ನು ಉಸಿರಾಟವೆಂದು ತಿಳಿಯಬೇಕಾಗಿಲ್ಲ. ಬೇಗನೆ ಸಾಯುವದೆಂಬ ಆಪಾದನೆಯ ಮುಖ್ಯ ಆಧಾರವೇ ತಪ್ಪುವದು.

ಸಿಡಿದರೆ ನಮ್ಮ ಗತಿಯೇನೆಂದು ಕೆಲವರು ಕೇಳಿಯಾರು. ಇಷ್ಟು ದೂರದಿಂದ ಭೂಮಿಗೆ ಯಾವ ಅಪಾಯವೂ ಇಲ್ಲ. ಅರ್ಧಚಂದ್ರನ ಬೆಳಕಿನಷ್ಟು ಬೆಳಗಿ, ಹಗಲಿನಲ್ಲಿಯೂ ತಿಂಗಳುಗಟ್ಟಲೆ ಕಂಡು, ಆಮೇಲೆ ಮಸುಳಿ ಹೋದೀತು. ಬೇಟೆಗಾರನು ಒಂದು ಭುಜವನ್ನು ಕಳೆದುಕೊಂಡಾನು. ಮುನ್ಸೂಚನೆಯೂ ದೊರೆಯುವದು. 1987ರ ಫೆಬ್ರುವರಿ 23ರಂದು, ನೆರೆಯ ಗೆಲಾಕ್ಸಿಯೊಂದರಲ್ಲಿ ನಕ್ಷತ್ರವು ಸಿಡಿದುದನ್ನು ಕಣ್ಣು ಕಾಣುವ ಕೆಲವು ತಾಸು ಮೊದಲೇ, ಜಪಾನ ಅಮೇರಿಕಗಳ ನೆಲದಡಿಯ ನೀರಿನ ತೊಟ್ಟಿಗಳಲ್ಲಿ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣಗಳು ಅದನ್ನು ತಿಳಿಸಿದ್ದವು. ಒಲೆಯೊಳಗಿನ ಸುದ್ದಿಯನ್ನು ತಡೆಯಿಲ್ಲದೆ ಹೊರತರುವ ದೂತರು ಅವೇ.

ಮಹನೀಯರೇ, ನಮ್ಮ ಉಪಾಧ್ಯಾಯ ಬಂಧುಗಳಿಗೆ ಒಂದೆರಡು ಮಾತು ಹೇಳುವದಿದೆ. ಈ ಖಟ್ಲೆಯಲ್ಲಿ ಮಹಾ ಯಂತ್ರಗಳ ಸಾಕ್ಷಿಯು ಎಷ್ಟೇ ದೊಡ್ಡದಿರಲಿ, 400 ಮತ್ತು 2100 ದಿನಗಳ ಲೆಕ್ಕವು ನಿಂತಿರುವದು ಸಾಮಾನ್ಯ ಜನರ ದಿನಚರಿಗಳ ಮೇಲೆ. 1911ರಲ್ಲಿ ಅಮೇರಿಕದಲ್ಲಿ ಕಾಂತಿ ಬದಲಿಸುವ ನಕ್ಷತ್ರಗಳನ್ನು ನೋಡುವವರ ಸಂಘವೊಂದು ಸ್ಥಾಪಿತವಾಯಿತು. ಶಿಕ್ಷಕರು, ಗುಮಾಸ್ತರು, ವ್ಯಾಪಾರಿಗಳು ಬರಿಗಣ್ಣಿನಿಂದ ಅಂದಾಜು ಮಾಡಿ ಬರೆದು ಕಳಿಸಿದ ಅಂಕಗಳೇ ಒಂದು ಶತಮಾನದ ಕಡತವಾಗಿರುವವು. ರೀತಿಯು ಸುಲಭವಾದುದು. ನಕ್ಷತ್ರದ ಕಾಂತಿಯ ಅಂಕವು ಕಡಿಮೆಯಾದಷ್ಟೂ ಅದು ಹೆಚ್ಚು ಪ್ರಕಾಶವುಳ್ಳದೆಂದು ತಿಳಿಯಿರಿ. ರೀಗಲ್ಲಿಗೆ 0.1, ರೋಹಿಣಿಗೆ 0.9, ಪುನರ್ವಸುವಿನ ಹೆಚ್ಚು ಹೊಳೆಯುವ ಚುಕ್ಕೆಗೆ 1.1, ಬೆಲಾಟ್ರಿಕ್ಸಿಗೆ 1.6. ಆರ್ದ್ರೆಯು ಇವುಗಳಲ್ಲಿ ಯಾವ ಎರಡರ ನಡುವೆ ಬೀಳುವದೋ ನೋಡಿ ಅಂಕವನ್ನೂ ತಾರೀಖನ್ನೂ ಬರೆದಿಡಬೇಕು. ದಿಗಂತದ ಧೂಳು ಬೆಳಕನ್ನು ತಿನ್ನುವದರಿಂದ ಹೆಚ್ಚುಕಡಿಮೆ ಒಂದೇ ಎತ್ತರಕ್ಕಿರುವ ನಕ್ಷತ್ರಗಳನ್ನು ಹೋಲಿಸಬೇಕು. ಕೆಂಪು ಬೆಳಕನ್ನು ದಿಟ್ಟಿಸುತ್ತ ನಿಂತರೆ ಕಣ್ಣು ಮೋಸಹೋಗುವದರಿಂದ ಒಂದು ನೋಟದಲ್ಲಿ ಅಂದಾಜು ಮಾಡಬೇಕು. ಹತ್ತು ದಿನಕ್ಕೊಂದು ಅಂಕವಾದರೂ ಸಾಕು. ಏಳನೆಯ ಇಯತ್ತೆಯ ಹುಡುಗರಿಗೆ ಇದು ಬರುವದೆಂಬದನ್ನು ನಾವು ನಮ್ಮ ಮಾಳಿಗೆಯ ಮೇಲೆಯೇ ಪರೀಕ್ಷಿಸಿ ನೋಡಿದ್ದೇವೆ. ರೋಹಿಣಿಯ ವಿಷಯದಲ್ಲಿ ನಾವು ಮಾಡಿದ ತಪ್ಪನ್ನು ಅವರು ಮಾಡಲಿಲ್ಲ.

ಆ ಸಂಗಾತಿಯು ಆರ್ದ್ರೆಯಿಂದ ಅತಿ ದೂರಕ್ಕೆ ಸರಿದು ಮತ್ತೊಮ್ಮೆ ನೋಡಲು ಅನುಕೂಲವಾಗುವದು 2027ರ ನವೆಂಬರದಲ್ಲಿ. ಖಟ್ಲೆಯ ಮುಂದಿನ ತಾರೀಖು ಅದೇ.